ಕೆಂಚ ಮುಖ ತಿರುಗಿಸಿದಾಗ

"ಕೆಂಚ ಎರಡು ದಿನದಿಂದ ಏನೂ ಮುಟ್ಟಿಲ್ಲ ಕಣವ್ವ."

ಬೆಳಿಗ್ಗೆ 10ಕ್ಕೆ ನನ್ನ ಸ್ಟ್ಯಾಂಡಪ್ ಮೀಟಿಂಗ್. 9.55ಕ್ಕೆ ಅಪ್ಪನ ಫೋನ್. ನಮ್ಮಪ್ಪ ಆಫೀಸ್ ಹೊತ್ತಲ್ಲಿ ಫೋನ್ ಮಾಡೋರೇ ಅಲ್ಲ. ಅಜ್ಜಿ ತೀರಿಕೊಂಡ ದಿನ ಮಾಡಿದ್ದರು. ಅದು ಬಿಟ್ಟರೆ ಹೋದ ವರ್ಷ ಬೇಸಿಗೆಯಲ್ಲಿ, ಕೆಂಚನಿಗೋಸ್ಕರ.

ಕೆಂಚ ಅಂದರೆ ಭರಮಸಾಗರದ ನಮ್ಮ ಮನೆ ನಾಯಿ. ತಳಿ ಯಾವುದು ಅಂತ ಕೇಳಬೇಡಿ. ನಾನು ಪಿಯುಸಿ ಓದುವಾಗ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಹೋಟೆಲ್ ಹಿಂದೆ ಸಿಕ್ಕಿದ ಮರಿ. ಕಾಲೇಜ್ ಬ್ಯಾಗಲ್ಲಿ ಹಾಕಿಕೊಂಡು ತಂದಿದ್ದೆ. "ಒಳಗೆ ಬಿಟ್ಕಂಡ್ರೆ ನೋಡು ಮತ್ತೆ" ಅಂತ ಗದರಿದ್ದ ಅಪ್ಪನೇ ಮೂರನೇ ವಾರಕ್ಕೆ ತಮ್ಮ ತಟ್ಟೆಯಿಂದ ಮುದ್ದೆ ಮುರಿದು ಹಾಕುತ್ತಿದ್ದರು. ಆವತ್ತಿನಿಂದ ಅವನ ಊಟ ಅಪ್ಪನ ಕೈಯಿಂದಲೇ. ಮುದ್ದೆ, ರೊಟ್ಟಿ, ಸಿಪ್ಪೆ ಸಮೇತ ಶೇಂಗಾ, ಒಂದು ಸಲ ಅಮ್ಮನ ಹೊಸ ಚಪ್ಪಲಿ. ಬೇಡ ಅಂದ ಪದಾರ್ಥವೇ ಇರಲಿಲ್ಲ.

ಸಂಜೆ ಅಪ್ಪ ಕೆರೆ ಏರಿ ಮೇಲೆ ವಾಕಿಂಗ್ ಹೋದರೆ ಹಿಂದೆ ಇವನು. ಪಾಳೇಗಾರ ಭರಮಣ್ಣ ನಾಯಕರ ಹೆಸರು ಹೊತ್ತ ನಮ್ಮೂರ ದೊಡ್ಡ ಕೆರೆ ನಾನು ಸಣ್ಣವಳಿದ್ದಾಗ ಹೆಚ್ಚು ಕಾಲ ಬರೀ ಜಾಲಿ ಗಿಡದ ಬಯಲು. 2021ರಲ್ಲಿ ತುಂಗಭದ್ರೆಯ ನೀರು ಪೈಪಿನಲ್ಲಿ ಬಂದು ಬಿದ್ದಾಗ ಊರಿಗೆ ಊರೇ ಏರಿ ಮೇಲೆ ನಿಂತಿತ್ತು. ಆ ನೀರು ಕಂಡು ಬೊಗಳಿದ ಒಂದೇ ಪ್ರಾಣಿ ಕೆಂಚ. ಅಪ್ಪ ಈ ಕತೆಯನ್ನು ಬಂದ ನೆಂಟರಿಗೆಲ್ಲ ಹೇಳುತ್ತಿದ್ದರು.

ಅಂಥವನು ಊಟ ಬಿಟ್ಟ.

ನಮ್ಮಲ್ಲಿ ಒಬ್ಬೊಬ್ಬರದ್ದು ಒಂದೊಂದು ಲೆಕ್ಕ. ಅಮ್ಮನಿಗೆ ದೃಷ್ಟಿ ತಾಕಿದೆ ಅನ್ನಿಸಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದರು. ಪಕ್ಕದ ಮನೆ ಅಜ್ಜ, "ನಾಯಿ ಜಾತಿ ಎರಡ್ ದಿನ ಉಪಾಸ ಮಾಡಿ, ಹುಲ್ಲು ತಿಂದು ತಾನೇ ವಾಸಿ ಮಾಡ್ಕಂತೈತೆ ಬಿಡ್ರಿ" ಅಂದಿದ್ದರು. ನಾನು ಬೆಂಗಳೂರಲ್ಲಿ ಕೂತು, ಯುಗಾದಿಗೆ ಊರಿಗೆ ಹೋಗಿರಲಿಲ್ಲವಲ್ಲ, ನನ್ನ ಮೇಲೆ ಮುನಿಸು ಅಂದುಕೊಂಡೆ. ನಿಜ ಹೇಳಬೇಕೆಂದರೆ ಅದರಲ್ಲಿ ಒಂಚೂರು ಖುಷಿಯೂ ಇತ್ತು.

ಮೂವರಲ್ಲಿ ಒಬ್ಬರೂ ಅವನ ಬಾಯಿ ಬಿಡಿಸಿ ವಸಡು ನೋಡಿರಲಿಲ್ಲ.

ಮೂರು ದಿನದಲ್ಲಿ ಮೂರು ತಪ್ಪು

ಶುಕ್ರವಾರ ರಾತ್ರಿ ಬಸ್ ಹಿಡಿದು ಊರಿಗೆ ಬಂದೆ. ಅಷ್ಟರಲ್ಲಿ ಅಪ್ಪ ಪಶು ಡಾಕ್ಟರಿಗೆ ತೋರಿಸಿಯಾಗಿತ್ತು. ಜ್ವರ 104 ಡಿಗ್ರಿ ಫ್ಯಾರನ್‌ಹೀಟ್. ನಾಯಿಗೆ ಮಾಮೂಲಿ ಮೈಬಿಸಿಯೇ 101ರಿಂದ 102.5ರವರೆಗೆ ಇರುತ್ತದೆ, ಹಾಗಾಗಿ ನಮ್ಮ ಕೈಗೆ "ಬೆಚ್ಚಗಿದೆ" ಅನ್ನಿಸಿದರೆ ಏನೂ ಗೊತ್ತಾಗುವುದಿಲ್ಲ. ವಸಡು ಬಿಳಿಚಿಕೊಂಡಿತ್ತು. ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಉಣುಗು. ದಾವಣಗೆರೆಗೆ ಕಳಿಸಿದ್ದ ರಕ್ತದ ರಿಪೋರ್ಟ್‌ನಲ್ಲಿ ಪ್ಲೇಟ್‌ಲೆಟ್ ಕಮ್ಮಿ.

ಉಣುಗು ಜ್ವರ. ಡಾಕ್ಟರ್‌ಗಳು ಟಿಕ್ ಫೀವರ್ ಅನ್ನುತ್ತಾರೆ. ಕಂದು ಬಣ್ಣದ ನಾಯಿ ಉಣುಗು ಕಚ್ಚಿದಾಗ ಎರ್ಲಿಕಿಯಾ ಅನ್ನುವ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುತ್ತದೆ. ಜ್ವರ, ಸುಸ್ತು, ಊಟ ಬಿಡುವುದು, ಕೆಲವು ಸಲ ಮೂಗಲ್ಲಿ ರಕ್ತ. ಬೇಗ ಹಿಡಿದರೆ ಔಷಧಿ ಇದೆ. ಡಾಕ್ಸಿಸೈಕ್ಲಿನ್ ಮಾತ್ರೆ, ಸಾಮಾನ್ಯವಾಗಿ 28 ದಿನ.

"ಊಟದ ಜೊತೆಗೇ ಕೊಡಿ. ಖಾಲಿ ಹೊಟ್ಟೆಗೆ ಹಾಕಿದ್ರೆ ವಾಂತಿ ಮಾಡ್ಕೊಳ್ತಾನೆ" ಅಂದಿದ್ದರಂತೆ ಡಾಕ್ಟರ್.

ಅಲ್ಲೇ ನೋಡಿ ಗಂಟು. ಮಾತ್ರೆ ಊಟದ ಜೊತೆ ಕೊಡಬೇಕು. ಅವನು ಊಟವನ್ನೇ ಮಾಡುತ್ತಿಲ್ಲ.

ಮೊದಲ ತಪ್ಪು ನನ್ನದು. ಮಾತ್ರೆ ಪುಡಿ ಮಾಡಿ ಗಟ್ಟಿ ಮೊಸರನ್ನದಲ್ಲಿ ಕಲೆಸಿದೆ. ಕೆಂಚನಿಗೆ ಮೊಸರು ಪ್ರಾಣ, ನಾಲ್ಕು ಸಲ ನೆಕ್ಕಿದ. ಗೆದ್ದೆ ಅಂದುಕೊಂಡೆ. ಆಮೇಲೆ ಫೋನಲ್ಲಿ ಡಾಕ್ಟರ್ ಹೇಳಿದರು: ಹಾಲು, ಮೊಸರು, ಪನೀರ್‌ನಲ್ಲಿರುವ ಕ್ಯಾಲ್ಸಿಯಂ ಈ ಔಷಧಿಯನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸರಿಯಾಗಿ ಸೇರಲು ಬಿಡುವುದಿಲ್ಲ. ಮಾತ್ರೆ ಬಚ್ಚಿಡಲು ಎಲ್ಲರೂ ಪನೀರ್ ಹುಡುಕುತ್ತೇವೆ. ಈ ಒಂದು ಮಾತ್ರೆಗೆ ಅದು ಸಲ್ಲ.

ಎರಡನೇ ತಪ್ಪು ಅಮ್ಮನದು, ಪ್ರೀತಿಯಿಂದ ಮಾಡಿದ್ದು. ರಾತ್ರಿ ಸಾರಿನ ಘಮಕ್ಕಾದರೂ ಬರಲಿ ಅಂತ ಅನ್ನಕ್ಕೆ ಸಾರು ಕಲೆಸಿ ಇಟ್ಟರು. ಚಿತ್ರದುರ್ಗ ಸೀಮೆ ಈರುಳ್ಳಿ ಬೆಳೆಯೋ ಸೀಮೆ, ನಮ್ಮ ಮನೆಯಲ್ಲಿ ಈರುಳ್ಳಿ ಇಲ್ಲದ ಸಾರು ಅಂದರೆ ಹಬ್ಬದ ದಿನ ಮಾತ್ರ. ಆದರೆ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಅಷ್ಟೇ. ಮೊದಲೇ ರಕ್ತ ಕಮ್ಮಿಯಾದ ನಾಯಿಗೆ ಅದು ಗಾಯದ ಮೇಲೆ ಬರೆ. ಪುಣ್ಯಕ್ಕೆ ಅವನು ಮೂಸಿ ನೋಡಿ ಬಿಟ್ಟ.

ಮೂರನೇದು ಅಪ್ಪನದು. ಭಾನುವಾರ ಬೆಳಿಗ್ಗೆ ಸಿಟ್ಟು ಬಂದು, ಬಾಯಿ ಅಗಲಿಸಿ, ಮಾತ್ರೆ ತುರುಕಿ, ಮೂತಿ ಅದುಮಿ ಹಿಡಿದರು. ಕೆಂಚ ಒದ್ದಾಡಿದ. ಹತ್ತು ನಿಮಿಷಕ್ಕೆ ಮಾತ್ರೆ ಸಮೇತ ಹಳದಿ ನೀರು ಕಕ್ಕಿದ.

ಮಧ್ಯಾಹ್ನ ಅಪ್ಪ ಬೆಣ್ಣೆ ಸವರಿದ ಮುದ್ದೆ ತುಣುಕು ಹಿಡಿದು ಹತ್ತಿರ ಹೋದರು. ಬರೀ ಮುದ್ದೆ, ಮಾತ್ರೆ ಇರಲಿಲ್ಲ. ಕೆಂಚ ಆ ಕೈ ನೋಡಿ ಎದ್ದು ಗೋಡೆ ಕಡೆ ಮುಖ ತಿರುಗಿಸಿ ಮಲಗಿದ. ಹನ್ನೊಂದು ವರ್ಷದಲ್ಲಿ ಮೊದಲ ಸಲ.

ಅಪ್ಪ ಕೈ ತೊಳೆದುಕೊಂಡು ಹೊರಗೆ ಕಟ್ಟೆ ಮೇಲೆ ಕೂತರು. ಆವತ್ತು ಅವರೂ ಸರಿಯಾಗಿ ಉಣ್ಣಲಿಲ್ಲ.

ಅದು ಹಟ ಅಲ್ಲ

"ಹಟ ಮಾಡ್ತಾನೆ" ಅಂತಲೇ ನಾವೆಲ್ಲ ಅನ್ನುತ್ತೇವೆ, ಮಕ್ಕಳಿಗೂ, ವಯಸ್ಸಾದವರಿಗೂ, ನಾಯಿಗೂ. ಆದರೆ ಒಂದು ಹಳೇ ಪ್ರಯೋಗ ಇದೆ. 1955ರಲ್ಲಿ ಅಮೆರಿಕದ ಜಾನ್ ಗಾರ್ಸಿಯಾ ಮತ್ತು ಅವರ ಜೊತೆಗಾರರು ಇಲಿಗಳಿಗೆ ಸಿಹಿ ನೀರು ಕೊಟ್ಟು, ಹೊಟ್ಟೆ ತೊಳಸುವ ಹಾಗೆ ವಿಕಿರಣ ಹಾಯಿಸಿದರು. ಆಮೇಲೆ ಆ ಇಲಿಗಳು ಸಿಹಿ ನೀರಿನಿಂದ ದೂರ ಉಳಿದವು. ಹೊಟ್ಟೆ ಕೆಡಿಸಿದ್ದು ನೀರಲ್ಲ. ಆದರೂ ದೇಹ ಬರೆದಿಟ್ಟುಕೊಂಡದ್ದು ಆ ರುಚಿಯನ್ನು.

ನಮಗೂ ಹಾಗೇ ಅಲ್ಲವಾ? ಜ್ವರ ಬಂದ ದಿನ ತಿಂದ ಬಿರಿಯಾನಿ ಮುಂದೆ ಎಷ್ಟೋ ತಿಂಗಳು ಸೇರುವುದಿಲ್ಲ.

ಕೆಂಚನ ಹೊಟ್ಟೆ ಜ್ವರಕ್ಕೆ ಮೊದಲೇ ತೊಳಸುತ್ತಿತ್ತು. ನಾವು ಅವನಿಗೆ ಇಷ್ಟವಾದ ಒಂದೊಂದೇ ಊಟಕ್ಕೆ ಕಹಿ ಮಾತ್ರೆ ಸೇರಿಸಿ, ಮೊದಲು ಮೊಸರನ್ನವನ್ನು, ಆಮೇಲೆ ಅಪ್ಪನ ಕೈಯನ್ನೇ ಅವನ ಪಾಲಿಗೆ ಕೆಡಿಸಿಬಿಟ್ಟೆವು. ಅವನು ಹಟ ಮಾಡುತ್ತಿರಲಿಲ್ಲ, "ಇದು ಬೇಡ, ಇದರಿಂದ ನನಗೆ ಆಗಲ್ಲ" ಅಂತ ಅವನಿಗೆ ಗೊತ್ತಿರುವ ಒಂದೇ ರೀತಿಯಲ್ಲಿ ಹೇಳುತ್ತಿದ್ದ.

ಇದು ಅರ್ಥವಾದ ಮೇಲೆ ನಮ್ಮ ಕೆಲಸ ಬದಲಾಯಿತು. ಸೋಮವಾರ ಬೆಳಿಗ್ಗೆ ವರ್ಕ್ ಫ್ರಮ್ ಹೋಮ್ ಕೇಳಿಕೊಂಡು ಡಾಕ್ಟರ ಹತ್ತಿರ ನಾನೇ ಹೋದೆ. ಹಿಂದಿನ ಸಲ ಅಪ್ಪ "ಮಾತ್ರೆ ಕೊಟ್ವಿ" ಅಂತಷ್ಟೇ ಹೇಳಿದ್ದರು. ನಾನು ಪೂರ್ತಿ ಹೇಳಿದೆ: ಎಷ್ಟು ನುಂಗಿದ, ಎಷ್ಟು ಕಕ್ಕಿದ, ಎಷ್ಟು ನೀರು ಕುಡಿದ. ಅವರು ಮೊದಲು ವಾಂತಿ ನಿಲ್ಲುವ ಇಂಜೆಕ್ಷನ್ ಹಾಕಿ, ಡ್ರಿಪ್ ಏರಿಸಿದರು. "ಹೊಟ್ಟೆ ಶಾಂತ ಆಗ್ಲಿ. ಆಮೇಲೆ ಊಟ. ಆಮೇಲೆ ಮಾತ್ರೆ" ಅಂದರು. ನಾವು ಇದನ್ನು ಪೂರ್ತಿ ತಿರುವು ಮುರುವು ಮಾಡಿದ್ದೆವು.

ನಮಗೆ ಕೆಲಸಕ್ಕೆ ಬಂದದ್ದು

ಆ 28 ದಿನಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆದಿಡುತ್ತೇನೆ. ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಆದರೆ ಔಷಧಿ, ಅಳತೆ ಮಾತ್ರ ಡಾಕ್ಟರದ್ದೇ.

• ಊಟ ಬೇರೆ, ಮಾತ್ರೆ ಬೇರೆ. ತಟ್ಟೆಯ ಊಟದಲ್ಲಿ ಔಷಧಿ ಕಲೆಸಬೇಡಿ. ಬೇಕಾದರೆ ಮೂರು ಸಣ್ಣ ಉಂಡೆ ಮಾಡಿ. ಮೊದಲನೇದು ಖಾಲಿ, ಎರಡನೇದರಲ್ಲಿ ಮಾತ್ರೆ, ಮೂರನೇದು ಖಾಲಿ. ಮೂರನೇದನ್ನು ಮೂಗಿನ ಮುಂದೆ ಹಿಡಿದಿದ್ದರೆ ಎರಡನೇದನ್ನು ಅಗಿಯದೆ ನುಂಗುತ್ತದೆ.

• ಉಗುರು ಬೆಚ್ಚಗೆ ಮಾಡಿ ಕೊಡಿ. ನಾಯಿ ಮೊದಲು ಉಣ್ಣುವುದು ಮೂಗಿನಿಂದ. ತಣ್ಣಗಿನ ಅನ್ನಕ್ಕೆ ವಾಸನೆ ಏಳುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಮಸಾಲೆ ಇಲ್ಲದೆ ಬೇಯಿಸಿದ ಕೋಳಿ ನೀರು ಎರಡು ಚಮಚ ಅನ್ನದ ಮೇಲೆ ಬಿದ್ದರೆ ಸಾಕು.

• ಸ್ವಲ್ಪ ಇಡಿ, ಬೇಗ ತೆಗೆಯಿರಿ. ಹದಿನೈದು ನಿಮಿಷ ನೋಡಿ ತಟ್ಟೆ ತೆಗೆದುಬಿಡಿ. ದಿನವೆಲ್ಲ ಮೂಗಿನ ಮುಂದೆ ಅನ್ನ ಇದ್ದರೆ ಹೊಟ್ಟೆ ತೊಳಸುವವನಿಗೆ ಅದೇ ಒಂದು ಹಿಂಸೆ.

• ಕಹಿ ಕೆಲಸಕ್ಕೆ ಬೇರೆ ಕೈ. ನಮ್ಮಲ್ಲಿ ಮಾತ್ರೆ ಕೊಡುವುದು ನನ್ನ ಪಾಲಿಗೆ ಬಂತು, ಹಿತ್ತಲಿನಲ್ಲಿ, ಹಳೇ ಟವೆಲ್ ಮೇಲೆ. ಊಟ ಅಪ್ಪನದು, ಮೊದಲಿನ ಜಾಗದಲ್ಲೇ. ನಾನು ಹಿತ್ತಲಿಗೆ ಕರೆದರೆ ಕೆಂಚ ಬಾಲ ಮುದುರುತ್ತಿದ್ದ. ಪರವಾಗಿಲ್ಲ, ಒಬ್ಬರ ಕೈಯಾದರೂ ಉಳಿಯಿತಲ್ಲ.

• ಬಾಯಿಗೇ ಹಾಕಬೇಕಾದರೆ ಡಾಕ್ಟರ್ ಕೈಯಲ್ಲಿ ಒಮ್ಮೆ ಮಾಡಿಸಿ ನೋಡಿ ಕಲಿಯಿರಿ. ಮೇಲಿನ ದವಡೆಯನ್ನು ಕೋರೆಹಲ್ಲಿನ ಹಿಂದೆ ಹಿಡಿದು, ನಾಲಿಗೆಯ ಬುಡಕ್ಕೆ ಮಾತ್ರೆ ಇಟ್ಟು, ಬಾಯಿ ಮುಚ್ಚಿ ಗಂಟಲು ನೇವರಿಸಬೇಕು. ಆಮೇಲೆ ಒಂದು ತುತ್ತು ಊಟ, ಇಲ್ಲಾ ಸ್ವಲ್ಪ ನೀರು. ಡಾಕ್ಸಿಸೈಕ್ಲಿನ್ ಒಣಗಂಟಲಲ್ಲಿ ಸಿಕ್ಕಿಕೊಂಡರೆ ಅನ್ನನಾಳವನ್ನು ಸುಡುತ್ತದೆ. ನೀರನ್ನು ಸಿರಿಂಜಿನಿಂದ ಕೆನ್ನೆಯ ಪಕ್ಕಕ್ಕೆ ನಿಧಾನ ಬಿಡಿ, ನೇರ ಗಂಟಲಿಗೆ ಚಿಮ್ಮಿಸಿದರೆ ಶ್ವಾಸಕೋಶಕ್ಕೆ ಹೋಗಬಹುದು.

• ಆಗದಿದ್ದರೆ ಆಗಲ್ಲ ಅಂತ ಡಾಕ್ಟರಿಗೆ ಹೇಳಿ. ಸಿರಪ್ ಇದೆಯಾ, ಇಂಜೆಕ್ಷನ್ ಆಗುತ್ತಾ, ಎರಡು ಹೊತ್ತಿನದ್ದು ಒಂದು ಹೊತ್ತಿಗೆ ಬರುತ್ತಾ ಕೇಳಿ. ಕೊಟ್ಟೆ ಅಂತ ಸುಳ್ಳು ಹೇಳಿದರೆ ಅವರು ತಪ್ಪು ಲೆಕ್ಕದ ಮೇಲೆ ಮುಂದಿನ ಔಷಧಿ ಬರೆಯುತ್ತಾರೆ.

• ನಮ್ಮ ಡಬ್ಬಿಯ ಮಾತ್ರೆ ಬೇಡ. ಪ್ಯಾರಾಸಿಟಮಾಲ್, ಐಬುಪ್ರೊಫೇನ್ ನಾಯಿಗೆ ವಿಷವಾಗಬಹುದು. ದನ ಎಮ್ಮೆಗೆ ಹಚ್ಚುವ ಉಣುಗಿನ ಔಷಧಿಯನ್ನು ಕೈ ಅಳತೆಯಲ್ಲಿ ನಾಯಿ ಮೈಗೆ ಸುರಿಯುವುದೂ ಬೇಡ.

• ಯಾವಾಗ ಓಡಬೇಕು? ದೊಡ್ಡ ನಾಯಿ ಒಂದು ಪೂರ್ತಿ ದಿನ ಏನೂ ಮುಟ್ಟದಿದ್ದರೆ ಫೋನ್ ಮಾಡಿ. ಮರಿಯಾದರೆ ಅಷ್ಟು ಕಾಯಬೇಡಿ. ನೀರನ್ನೂ ಬಿಟ್ಟರೆ, ವಾಂತಿ ನಿಲ್ಲದಿದ್ದರೆ, ವಸಡು ಬೆಳ್ಳಗಾದರೆ, ಮಲ ಟಾರಿನಂತೆ ಕಪ್ಪಗಿದ್ದರೆ ಆ ಕ್ಷಣವೇ ಹೊರಡಿ. ಶಿವಮೊಗ್ಗ, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜುಗಳಲ್ಲಿ ಆಸ್ಪತ್ರೆಗಳೂ ಇವೆ.

ಬುಧವಾರ ಸಂಜೆ ಕೆಂಚ ಅಪ್ಪನ ಕೈಯಿಂದ ಒಂದು ತುತ್ತು ಅನ್ನ ತಿಂದ. ಎರಡನೇದಕ್ಕೆ ಮೂತಿ ಚಾಚಿದ. ನಾನು ಕಾಲ್‌ನಲ್ಲಿದ್ದೆ, ಮ್ಯೂಟ್ ಮಾಡೋದು ಮರೆತು "ಅಮ್ಮಾ ತಿಂದ!" ಅಂತ ಕೂಗಿದೆ. ನಮ್ಮ ಮ್ಯಾನೇಜರ್ "ಯಾರು ತಿಂದ್ರು?" ಅಂದರು.

28ನೇ ದಿನಕ್ಕೆ ಮಾತ್ರೆ ಮುಗಿಯಿತು. 30ನೇ ದಿನ ಅವನು ಅಮ್ಮ ಒಣಗಲು ಹಾಕಿದ್ದ ಹಪ್ಪಳ ಕದ್ದ.

ಎರಡನೇ ಸಲ

ಇಲ್ಲಿಗೆ ನಿಲ್ಲಿಸಿದರೆ ಇದು ಸುಖಾಂತ್ಯದ ಅಂಕಣ. ಆದರೆ ನಾನು ಬರೆಯಲು ಕೂತದ್ದು ಮುಂದಿನದಕ್ಕೆ.

ಈ ವರ್ಷ ಮಳೆ ಶುರುವಾದಾಗ ಕೆಂಚ ಬಕೆಟ್‌ಗಟ್ಟಲೆ ನೀರು ಕುಡಿಯತೊಡಗಿದ. ರಾತ್ರಿ ಎರಡೆರಡು ಸಲ ಹೊರಗೆ ಬಿಡಬೇಕಿತ್ತು. ಪಕ್ಕೆಲುಬು ಕಾಣಿಸಿತು. ಬಾಯಿಂದ ಒಂದು ಥರ ಕೆಟ್ಟ ವಾಸನೆ. ಆಮೇಲೆ ಮತ್ತೆ ಊಟ ಬಿಟ್ಟ.

ಈ ಸಲ ನಾವು ಜಾಣರು. ಮಾರನೇ ದಿನವೇ ರಕ್ತ ಪರೀಕ್ಷೆ. ಕ್ರಿಯಾಟಿನಿನ್ ತುಂಬಾ ಏರಿತ್ತು. ಮೂತ್ರಪಿಂಡ. ಈ ಕಾಯಿಲೆಯ ಮೋಸ ಏನೆಂದರೆ, ಕ್ರಿಯಾಟಿನಿನ್ ಏರಿದ್ದು ರಿಪೋರ್ಟಿನಲ್ಲಿ ಕಾಣುವಷ್ಟರಲ್ಲಿ ಮೂತ್ರಪಿಂಡಗಳ ಸುಮಾರು ಮುಕ್ಕಾಲು ಪಾಲು ಕೆಲಸ ನಿಂತಿರುತ್ತದೆ. ಹೋದದ್ದು ವಾಪಸ್ ಬರುವುದಿಲ್ಲ. ಉಳಿದದ್ದನ್ನು ಕಾಪಾಡಿಕೊಂಡು ಹೋಗಬಹುದು, ಎಷ್ಟು ದಿನ ಆಗುತ್ತೋ ಅಷ್ಟು.

ವಾಂತಿಗೆ ಒಂದು ಮಾತ್ರೆ, ಹೊಟ್ಟೆಯ ಹುಣ್ಣಿಗೆ ಒಂದು, ರಂಜಕ ಕಡಿಮೆ ಮಾಡಲು ಒಂದು, ಬಿಪಿಗೆ ಒಂದು. ದಿನ ಬಿಟ್ಟು ದಿನ ಚರ್ಮದ ಕೆಳಗೆ ಸಲೈನ್. ಅಪ್ಪ ಅದನ್ನು ಡಾಕ್ಟರ ಹತ್ತಿರ ಕಲಿತು ಮನೆಯಲ್ಲೇ ಹಾಕುತ್ತಿದ್ದರು, ಬಾಟಲಿಯನ್ನು ಬಟ್ಟೆ ಒಣಹಾಕುವ ತಂತಿಗೆ ನೇತು ಹಾಕಿ.

ಮೊದಲ ಎರಡು ವಾರ ಚೇತರಿಸಿಕೊಂಡ. ಮೂರನೇ ವಾರದಿಂದ ನನ್ನ ಪಟ್ಟಿ ಒಂದೊಂದಾಗಿ ಸೋತಿತು. ಬೆಚ್ಚಗೆ ಮಾಡಿದರೂ ಬೇಡ. ಕೋಳಿ ನೀರು ಬೇಡ. ಮೂರು ಉಂಡೆಯಲ್ಲಿ ಮೊದಲನೇದೇ ಬೇಡ.

ನಾನು ಬೆಂಗಳೂರಿಂದ ವಿಡಿಯೋ ಕಾಲ್ ಮಾಡಿ ನಿರ್ದೇಶನ ಕೊಡುತ್ತಿದ್ದೆ. "ಅಪ್ಪ, ಸಿರಿಂಜಲ್ಲಿ ಗಂಜಿ ಹಾಕಿ ನೋಡಿ. ಇನ್ನೊಂಚೂರು ಹಿಡ್ಕಳಿ. ಹಾಂ, ಹಂಗೇ." ಅಮೆಜಾನ್‌ನಲ್ಲಿ ಮೂರು ಥರದ ಕಿಡ್ನಿ ಫುಡ್ ತರಿಸಿದೆ. ಒಂದು ರಾತ್ರಿ, ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಹಾಕಿಸಿ ಊಟ ಕೊಡುವ ವಿಷಯ ಎತ್ತಿದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನೀನು ಫೋನ್ ಇಟ್ಟ ಮೇಲೆ ಅವನ ಮುಖ ನಾನು ನೋಡ್ಬೇಕಲ್ಲವ್ವ" ಅಂದರು.

ಬೈದಿದ್ದರೂ ಅಷ್ಟು ನಾಟುತ್ತಿರಲಿಲ್ಲ. ನಮ್ಮ ಥರ ಊರು ಬಿಟ್ಟು ಬಂದವರದ್ದು ಇದೊಂದು ಕಾಯಿಲೆ. ದೂರ ಇದ್ದೀವಿ ಅನ್ನುವ ಸಂಕಟವನ್ನು ಸಲಹೆ ಮಾಡಿ, ಆರ್ಡರ್ ಮಾಡಿ, ಟ್ರ್ಯಾಕಿಂಗ್ ಲಿಂಕ್ ಮಾಡಿ ಕಳಿಸುತ್ತೇವೆ. ಬಾಯಿ ಅದುಮಿ ಹಿಡಿಯಬೇಕಾದ ಕೈ ಮಾತ್ರ ಇನ್ನೊಬ್ಬರದು.

ಹಾಲಿನ ಲೆಕ್ಕದ ಕ್ಯಾಲೆಂಡರ್

ಆ ವಾರ ರಜೆ ಹಾಕಿ ಹೋದೆ. ಡಾಕ್ಟರ್ ನಮ್ಮಿಬ್ಬರನ್ನೂ ಕೂರಿಸಿಕೊಂಡು ಒಂದು ಮಾತು ಹೇಳಿದರು. "ಹೋದ ವರ್ಷ ಅವನು ಬೇಡ ಅಂದಾಗ ಕಾರಣ ಹುಡುಕಿ ಸರಿ ಮಾಡಿದ್ವಿ. ಈ ಸಲ ಕಾರಣ ಗೊತ್ತಿದೆ, ಸರಿ ಮಾಡೋಕೆ ಆಗ್ತಿಲ್ಲ. ಇನ್ನು ಮೇಲೆ ಕೇಳ್ಬೇಕಾದ ಪ್ರಶ್ನೆ ಹೆಂಗೆ ತಿನ್ನಿಸೋದು ಅಂತಲ್ಲ, ಅವನ ದಿನ ಹೆಂಗೆ ಕಳೀತಿದೆ ಅಂತ."

ಇದಕ್ಕೊಂದು ಅಳತೆಗೋಲು ಇದೆ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ 2004ರಲ್ಲಿ ಮಾಡಿದ್ದು. ಏಳು ವಿಷಯ: ನೋವು, ಹಸಿವು, ಮೈಯಲ್ಲಿ ನೀರಿನಂಶ, ಸ್ವಚ್ಛತೆ, ಸಂತೋಷ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೇ ದಿನ ಜಾಸ್ತಿ ಇವೆಯಾ ಅನ್ನುವುದು. ಒಂದೊಂದಕ್ಕೆ ಸೊನ್ನೆಯಿಂದ 10 ಅಂಕ, ಒಟ್ಟು 70. 35ಕ್ಕಿಂತ ಮೇಲಿದ್ದರೆ ಆರೈಕೆ ಮುಂದುವರಿಸಬಹುದು ಅನ್ನುತ್ತಾರೆ ಅವರು. ಇದು ಪರೀಕ್ಷೆ ಅಲ್ಲ. ದಿನವೂ ಕಣ್ಣ ಮುಂದೆ ಇರುವವರಿಗೆ ಇಳಿಜಾರು ಕಾಣುವುದಿಲ್ಲ, ಅದನ್ನು ಕಾಣಿಸುವ ದಾರಿ ಅಷ್ಟೇ.

ನಾನು ಫೋನಲ್ಲಿ ಶೀಟ್ ಮಾಡಲು ಹೊರಟೆ. ಅಪ್ಪ ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ತೋರಿಸಿದರು. ಅಮ್ಮ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್. ಪ್ರತಿ ದಿನದ ಚೌಕದಲ್ಲಿ "ಅರ್ಧ ಲೀ." ಅಂತ ಅಮ್ಮನ ಅಕ್ಷರ, ಅದರ ಪಕ್ಕ ಪೆನ್ಸಿಲ್ಲಿನಲ್ಲಿ ಸಣ್ಣ ರೈಟ್, ಇಲ್ಲಾ ಇಂಟು. ಯಾರೂ ಹೇಳಿಕೊಡದೆ ಅಪ್ಪ ಇಡೀ ತಿಂಗಳು ಗುರುತು ಹಾಕಿಕೊಂಡು ಬಂದಿದ್ದರು. ಬಾಲ ಆಡಿಸಿದ್ರೆ ರೈಟ್. ಏರಿವರೆಗೂ ನಡೆದ್ರೆ ರೈಟ್. ಕೊನೆಯ ಹನ್ನೆರಡು ಚೌಕದಲ್ಲಿ ಎರಡೇ ರೈಟ್.

ಡಾಕ್ಟರನ್ನು ಕೇಳಿಕೊಂಡು, ಬಲವಂತದ ಮಾತ್ರೆಗಳನ್ನೆಲ್ಲ ನಿಲ್ಲಿಸಿದೆವು. ವಾಂತಿಗೆ, ನೋವಿಗೆ ಇಂಜೆಕ್ಷನ್ ಮಾತ್ರ ಉಳಿಯಿತು, ಅದೂ ಅವರ ಕೈಯಲ್ಲಿ. ಅಮ್ಮನಿಗೆ ಇದು ಒಪ್ಪಿಗೆ ಆಗಲಿಲ್ಲ. "ಔಷಧಿ ಬಿಡ್ಸೋದು ಅಂದ್ರೆ ಕೈಬಿಟ್ಟಂಗೆ ಅಲ್ವೇನೇ?" ಅಂದರು. ನನ್ನ ಹತ್ತಿರ ಒಳ್ಳೇ ಉತ್ತರ ಇರಲಿಲ್ಲ.

ಉತ್ತರ ಕೊಟ್ಟಿದ್ದು ಕೆಂಚ. ಮಾತ್ರೆ ನಿಲ್ಲಿಸಿದ ನಾಲ್ಕನೇ ದಿನ, ಅಪ್ಪ ಕಟ್ಟೆ ಮೇಲೆ ಕೂತು ಪೇಪರ್ ಓದುತ್ತಿದ್ದಾಗ, ತೂರಾಡಿಕೊಂಡು ಬಂದು ಅವರ ಅಂಗೈಗೆ ಮೂತಿ ಇಟ್ಟ. ತಿನ್ನಲಿಲ್ಲ, ಸುಮ್ಮನೆ ಇಟ್ಟ. ಆ ಕೈಯಲ್ಲಿ ಇನ್ನು ಏನೂ ಅಡಗಿಲ್ಲ ಅಂತ ಅವನಿಗೆ ಗೊತ್ತಾಗಿತ್ತು.

ಒಂಬತ್ತು ದಿನ ಹಾಗೇ ಇದ್ದ. ಹತ್ತನೇ ದಿನ ಎದ್ದು ನಿಲ್ಲಲು ಆಗಲಿಲ್ಲ. ಅಪ್ಪ ಕ್ಯಾಲೆಂಡರ್ ನೋಡಿ ತಾವೇ ಡಾಕ್ಟರಿಗೆ ಫೋನ್ ಮಾಡಿದರು. ಅವರು ಡ್ಯೂಟಿ ಮುಗಿಸಿ ಸಂಜೆ ಮನೆಗೇ ಬಂದರು. ಬೇವಿನ ಮರದ ಕೆಳಗೆ ಹಳೇ ಕಂಬಳಿ. ಮೊದಲು ನಿದ್ದೆಯ ಇಂಜೆಕ್ಷನ್, ಅವನು ಪೂರ್ತಿ ಮಲಗಿದ ಮೇಲೆ ಇನ್ನೊಂದು. ತಲೆ ಅಪ್ಪನ ತೊಡೆ ಮೇಲೆ. ಅಮ್ಮ ಹೊರಗೆ ಬರುವುದಿಲ್ಲ ಅಂದಿದ್ದರು. ಕೊನೇ ಘಳಿಗೆಯಲ್ಲಿ ಬಟ್ಟಲಲ್ಲಿ ಬೆಚ್ಚಗಿನ ಹಾಲು ಹಿಡಿದು ಬಂದರು. ಅಪ್ಪ ಬೆರಳಲ್ಲಿ ಅದ್ದಿ ಹಿಡಿದಾಗ ಕೆಂಚ ಒಂದು ಸಲ ನೆಕ್ಕಿದ.

ಹೊಲದ ಬದುವಿನಲ್ಲಿ ಮಣ್ಣು ಮಾಡಿದೆವು.

ಆತಕೂರಿನ ಕಾಳಿ

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಎರಡು ವಾರ ಆಫೀಸಿನಲ್ಲಿ ಯಾರಿಗೂ ಸರಿಯಾಗಿ ಹೇಳಲಿಲ್ಲ. "ನಾಯಿ ತಾನೇ" ಅನ್ನುತ್ತಾರೇನೋ ಅನ್ನುವ ಭಯ. 2022ರಲ್ಲಿ "777 ಚಾರ್ಲಿ" ನೋಡಿ ಥಿಯೇಟರಿನಲ್ಲಿ ಅತ್ತವರ ಮಧ್ಯೆ ಕೂತಿದ್ದೆ, ಆದರೂ ನಮ್ಮದೇ ನಾಯಿಗೆ ಅಳಲು ಸಂಕೋಚ.

ಒಂದು ಶನಿವಾರ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಹೋದೆ. ಶಾಲೆಯ ಪಾಠದಲ್ಲಿ ಕೇಳಿದ್ದ ಆತಕೂರಿನ ಕಲ್ಲು ಅಲ್ಲಿದೆ. ಕ್ರಿ.ಶ. 949-50ರದ್ದು, ಈಗಿನ ಮಂಡ್ಯ ಜಿಲ್ಲೆ ಮದ್ದೂರು ಕಡೆಯದು. ತಕ್ಕೋಲದ ಯುದ್ಧದಲ್ಲಿ ಮೆಚ್ಚುವಂತೆ ಹೋರಾಡಿದ ಮಣಲೇರನಿಗೆ ಗಂಗ ದೊರೆ ಇಮ್ಮಡಿ ಬೂತುಗ ಏನು ಬೇಕೋ ಕೇಳು ಅಂದ. ಅವನು ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು. ಆ ಕಾಳಿ ಮುಂದೆ ದೊಡ್ಡ ಕಾಡುಹಂದಿಯೊಂದರ ಜೊತೆ ಕಾದಾಡಿ, ಎರಡೂ ಸತ್ತವು. ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿ, ನೋಡಿಕೊಳ್ಳಲು ಭೂಮಿ ಬಿಟ್ಟ. ಪೂಜೆ ಮಾಡುವ ಗೊರವ ಆ ಕಲ್ಲನ್ನು ಪೂಜಿಸದೆ ಉಣ್ಣಬಾರದು ಅಂತಲೂ ಅದರಲ್ಲಿ ಬರೆಸಿದ.

ನಾಯಿಗಾಗಿ ಒಬ್ಬ ಮನುಷ್ಯ ಊಟ ತಡೆದು ನಿಲ್ಲಬೇಕು. ಸಾವಿರ ವರ್ಷದ ಹಿಂದೆ ಕನ್ನಡದಲ್ಲಿ ಕಲ್ಲಿಗೆ ಕೊರೆದದ್ದು ಅದನ್ನು. ಕಟ್ಟೆ ಮೇಲೆ ಉಣ್ಣದೆ ಕೂತಿದ್ದ ಅಪ್ಪನ ನೆನಪಾಯಿತು. ಅಲ್ಲೇ ನಿಂತು ಅತ್ತೆ. ಕಾವಲಿನವರು ನೋಡಿಯೂ ನೋಡದ ಹಾಗೆ ಆ ಕಡೆ ಹೋದರು.

ಈಗ ಅಪ್ಪ ಒಬ್ಬರೇ ಏರಿ ಮೇಲೆ ವಾಕಿಂಗ್ ಹೋಗುತ್ತಾರೆ. ಹೊಸ ಮರಿ ತರಲಾ ಅಂತ ಕೇಳಿದೆ. "ಸದ್ಯಕ್ಕೆ ಬೇಡ ಕಣವ್ವ" ಅಂದರು. ಈ ಸಲ ನಾನು ಸಲಹೆ ಕೊಡಲಿಲ್ಲ.

ನಿಮ್ಮ ಮನೆಯಲ್ಲೂ ತಟ್ಟೆ ಬಿಟ್ಟು ಮುಖ ತಿರುಗಿಸಿದ ಜೀವ ಇದ್ದರೆ, ಮುನಿಸು ಅಂತ ಕಾಯಬೇಡಿ, ಹಟ ಅಂತ ಗದರಬೇಡಿ. ಮೊದಲು ವಸಡು ನೋಡಿ, ಡಾಕ್ಟರಿಗೆ ಫೋನ್ ಮಾಡಿ, ನಡೆದದ್ದನ್ನು ನಡೆದ ಹಾಗೆ ಹೇಳಿ. ಹೆಚ್ಚಿನ ಸಲ ಆ "ಬೇಡ"ಕ್ಕೆ ಒಂದು ಕಾರಣ ಇರುತ್ತದೆ, ಕಾರಣಕ್ಕೆ ಔಷಧಿಯೂ ಇರುತ್ತದೆ. ಎಲ್ಲೋ ಒಂದು ಸಲ ಇರುವುದಿಲ್ಲ. ಆಗ ಆ "ಬೇಡ"ವನ್ನು ಒಪ್ಪಿಕೊಂಡು, ಖಾಲಿ ಅಂಗೈ ಚಾಚಿ ಪಕ್ಕದಲ್ಲಿ ಕೂತಿರಿ.

ಊರಲ್ಲಿ ಅಪ್ಪ ಅಮ್ಮ ಅದನ್ನು ಮಾಡುತ್ತಿದ್ದರೆ, ವಿಡಿಯೋ ಕಾಲ್ ಇಟ್ಟು ಒಂದು ಬಸ್ ಟಿಕೆಟ್ ಬುಕ್ ಮಾಡಿ.